ಇಬ್ಬರ ಪ್ರವಾಸಕ್ಕೆ ಒಂದು ಅಳಿವೆ ಸಾಕು

ನಮ್ಮ ಜಿಲ್ಲೆಯ ಹೊಸ ಜೋಡಿಗಳಿಗೆ ಮೊದಲು ಅಡ್ಡ ಬರುವುದು ಪಂಚಾಂಗ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿ ನೋಡಿದರೂ ಕಲ್ಯಾಣ ಮಂಟಪಗಳು ತುಂಬುವುದು ಬೇಸಿಗೆಯಲ್ಲಿ. ಬೀಗರೂಟ ಮುಗಿದು, ನೆಂಟರಿಷ್ಟರ ಮನೆಗಳ ಊಟದ ಕರೆಗಳನ್ನೆಲ್ಲ ತೀರಿಸುವಷ್ಟರಲ್ಲಿ ಜೂನ್ ಬಂದಿರುತ್ತದೆ. ಅದರ ಬೆನ್ನಿಗೇ ಆಷಾಢ, ಹೊಸ ಸೊಸೆ ತವರಿಗೆ. ಶ್ರಾವಣದಲ್ಲಿ ವಾಪಸು ಬಂದರೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಮೇಲೆ ಪಿತೃಪಕ್ಷ, ದಸರಾ. ‘ಇಬ್ಬರೇ ಸಮುದ್ರದ ಕಡೆ ಹೋಗಿ ಬರೋಣ’ ಎಂದು ಮದುವೆಗೆ ಮುಂಚೆ ಆಡಿಕೊಂಡ ಮಾತು ಹೀಗೆ ಹಬ್ಬದಿಂದ ಹಬ್ಬಕ್ಕೆ ಜಾರುತ್ತದೆ. ಕೆಲವರು ಆ ಭಯಕ್ಕೇ ಮದುವೆಯಾದ ವಾರದಲ್ಲೇ, ಮೇ ತಿಂಗಳ ಸೆಕೆಯಲ್ಲಿ, ಅವಸರದಲ್ಲಿ ಹೊರಟುಬಿಡುತ್ತಾರೆ.

ಹಾಗೆ ಅವಸರ ಮಾಡಬೇಡಿ ಎಂದು ಹೇಳುವುದಕ್ಕೇ ಈ ಬಾರಿಯ ಅಂಕಣ. ನಮ್ಮ ಹಿರಿಯರ ಪಂಚಾಂಗವೂ ಕರಾವಳಿಯ ಋತುವೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುತ್ತವೆ. ನಾವು ಹೊರಡಲಾಗದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಅಲ್ಲಿ ಕಡಲು ಕೆರಳಿರುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುತ್ತದೆ. ದ್ವೀಪಗಳಿಗೆ ಹೋಗುವ ದೋಣಿಗಳೂ ದಡಕ್ಕೆ ಬಂದಿರುತ್ತವೆ. ದಸರೆ ಕಳೆದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮಳೆ ಹಿಂಜರಿದು, ಹೊಳೆಯ ಕೆಂಪು ನೀರು ತಿಳಿಯಾಗಿ, ಗದ್ದೆಗಳು ಹಳದಿಗೆ ತಿರುಗುತ್ತವೆ. ಕಾರ್ತಿಕದಿಂದ ಮಾಘದವರೆಗೆ, ಅಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಕಡಲ ಊರುಗಳಲ್ಲಿ ಇರುವಷ್ಟು ಹಿತ ಬೇರೆ ಕಾಲದಲ್ಲಿಲ್ಲ. ಮೇ ತಿಂಗಳಲ್ಲಿ ಮದುವೆಯಾದವರು ಆರು ತಿಂಗಳು ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಷ್ಟರಲ್ಲಿ ಒಬ್ಬರ ರುಚಿ ಇನ್ನೊಬ್ಬರಿಗೆ ತಿಳಿದಿರುತ್ತದೆ.

ಕಾಲ ಆಯಿತು. ಇನ್ನು ಎಲ್ಲಿಗೆ ಎಂಬ ಪ್ರಶ್ನೆ. ನಮ್ಮ ಕಡೆಯವರಿಗೆ ಕರಾವಳಿ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಕುಕ್ಕೆಗೆ ಹೋಗಿ ಬಾರದವರು ಕಡಿಮೆ. ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಎಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಮನೆಮಂದಿಯೆಲ್ಲ ಹೋಗುವ ಸುತ್ತು ನಮಗೆ ಬಾಯಿಪಾಠ. ಆ ಸುತ್ತಿನಲ್ಲಿ ಸಮುದ್ರ ಸಿಗುವುದು ದೇವಸ್ಥಾನದ ಹಿಂದೆ, ಅರ್ಧ ಗಂಟೆಯ ಮಟ್ಟಿಗೆ, ಪ್ಯಾಂಟು ಮಡಚಿಕೊಂಡು. ಹರಕೆಯ ಪ್ರಯಾಣಕ್ಕೆ ಅದು ಸರಿ. ತೊಂದರೆ ಏನೆಂದರೆ, ಇಬ್ಬರೇ ಹೋಗುವಾಗಲೂ ಅದೇ ಪಟ್ಟಿಯನ್ನು ಇಟ್ಟುಕೊಂಡು, ದೇವಸ್ಥಾನಗಳ ಜಾಗದಲ್ಲಿ ಬೀಚುಗಳ ಹೆಸರು ಬರೆದುಕೊಂಡು ಹೊರಡುತ್ತೇವೆ. ಮೂರು ದಿನದಲ್ಲಿ ಏಳು ಜಾಗ. ಹೆಚ್ಚಿನ ಹೊತ್ತು ಕಳೆಯುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಕಾರಿನ ಎ.ಸಿ.ಯೊಳಗೆ.

ನನ್ನ ಸಲಹೆ ಒಂದೇ. ಒಂದು ಅಳಿವೆಯನ್ನು ಆರಿಸಿಕೊಳ್ಳಿ, ಅದರ ಪಕ್ಕದ ಒಂದು ಊರಲ್ಲಿ ಮೂರು ನಾಲ್ಕು ದಿನ ಇದ್ದುಬಿಡಿ.

ಬಯಲುಸೀಮೆಯ ನಮಗೆ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಅನುಭವವೇ ಇಲ್ಲ. ನಂದಿ ಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಅರ್ಕಾವತಿ ಕೆರೆಯಿಂದ ಕೆರೆಗೆ ಇಳಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕಾವೇರಿ ಸೇರುತ್ತದೆ. ಅದೇ ಬೆಟ್ಟದ ಸೀಮೆಯ ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ನಮ್ಮ ನದಿಗಳ ಕೊನೆಯನ್ನು ನಮ್ಮಲ್ಲಿ ನೋಡಿದವರು ಎಷ್ಟು ಜನ? ಕರ್ನಾಟಕದ ಕರಾವಳಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಸುಮಾರು 320 ಕಿ.ಮೀ. ಉದ್ದಕ್ಕೆ ಚಾಚಿದೆ. ಅಷ್ಟರೊಳಗೆ ನೇತ್ರಾವತಿ, ಸುವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಒಂದರ ಹಿಂದೆ ಒಂದು ಹೊಳೆ ಘಟ್ಟ ಇಳಿದು ಬರುತ್ತದೆ. ಬಹಳಷ್ಟು ಕಡೆ ಹೊಳೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಅಲೆಗಳು ತಂದು ಹಾಕಿದ ಮರಳಿನ ಉದ್ದನೆಯ ದಿಬ್ಬ ಅಡ್ಡ ನಿಂತಿರುತ್ತದೆ. ಹೊಳೆ ಅದರ ಬೆನ್ನಿಗೇ ಹರಿದು, ಸಂದು ಸಿಕ್ಕಲ್ಲಿ ಕಡಲು ಸೇರುತ್ತದೆ. ಆ ದಿಬ್ಬದ ಮೇಲೆ ತೆಂಗಿನ ಸಾಲು, ಮೀನುಗಾರರ ಮನೆಗಳು. ಪಡುವಣಕ್ಕೆ ಬಾಗಿಲು ತೆಗೆದರೆ ಸಮುದ್ರ, ಮೂಡಣಕ್ಕೆ ತೆಗೆದರೆ ಹೊಳೆ. ಇಂಥ ಊರಲ್ಲಿ ಬೆಳಿಗ್ಗೆ ಹೊಳೆಯ ಕಡೆಗೂ ಸಂಜೆ ಕಡಲಿನ ಕಡೆಗೂ ನಡೆದುಕೊಂಡು ಹೋಗುವುದೇ ಒಂದು ದಿನಕ್ಕೆ ಸಾಕಾಗುತ್ತದೆ.

ಯಾವ ಅಳಿವೆ ಎಂದರೆ ಮೊದಲು ಕುಂದಾಪುರ ಎನ್ನುತ್ತೇನೆ. ಅಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ, ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಮರವಂತೆಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ: ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ಆ ಹೊಳೆ ಕಡಲಿನ ಇಷ್ಟು ಹತ್ತಿರ ಬಂದೂ ಅಲ್ಲಿ ಸೇರದೆ ತೆಂಕಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ಮರವಂತೆಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಂಡು ಹೊರಟವರಿಗೆ ಆ ತಿರುವಿನ ಕತೆ ಗೊತ್ತಾಗುವುದಿಲ್ಲ. ಹೊಳೆಯ ಜೊತೆಗೇ ಹೋಗಿ. ನಡುವೆ ಕುದ್ರುಗಳು ಸಿಗುತ್ತವೆ, ಅಂದರೆ ಹೊಳೆಯ ನಡುಗಡ್ಡೆಗಳು. ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಯಕ್ಷಗಾನ ಗೊಂಬೆಯಾಟ ಇದೆ. ಕೊಗ್ಗ ಕಾಮತರು ಅದನ್ನು ದೇಶದ ಹೊರಗೂ ಹೆಸರಾಗಿಸಿದವರು. ಪ್ರದರ್ಶನದ ದಿನ ಯಾವುದೆಂದು ಮೊದಲೇ ಕೇಳಿ ತಿಳಿದುಕೊಂಡು ಹೋಗಿ. ಕುಂದಾಪುರದ ದಡದಲ್ಲಿ ನಿಂತರೆ ಎದುರಿಗೆ ಗಂಗೊಳ್ಳಿ ಬಂದರು ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ತ್ರಾಸಿ ಸುತ್ತಿ ಹದಿನೈದು ಕಿ.ಮೀ.ಗಿಂತ ಹೆಚ್ಚು. ನೀರಿನ ಊರುಗಳಲ್ಲಿ ದೂರದ ಲೆಕ್ಕವೇ ಬೇರೆ.

ನವೆಂಬರ್ ಬಂತೆಂದರೆ ಈ ಸೀಮೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುತ್ತದೆ. ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳ ಆಟ ಹರಕೆಯದು. ಯಾರೋ ಹೊತ್ತ ಹರಕೆಗೆ ಅವರ ಮನೆ ಮುಂದಿನ ಬಯಲಲ್ಲಿ ಆಟ, ನೋಡುವುದಕ್ಕೆ ಯಾರಾದರೂ ಬರಬಹುದು, ಟಿಕೆಟ್ ಇಲ್ಲ. ಉಳಿದುಕೊಂಡ ಮನೆಯವರನ್ನು ‘ಇವತ್ತು ಹತ್ತಿರದಲ್ಲಿ ಎಲ್ಲಿ ಆಟ?’ ಎಂದು ಕೇಳಿದರೆ ಸಾಕು. ಸಣ್ಣಗಿನ ಚಳಿಗೆ ಒಂದು ಶಾಲು ಹೊದ್ದು ಇಬ್ಬರೂ ಚೆಂಡೆಯ ಸದ್ದಿಗೆ ಎದುರಾಗಿ ಕುಳಿತು ಬೆಳಗು ಮಾಡಿದರೆ ಅದಕ್ಕಿಂತ ದೊಡ್ಡ ಕ್ಯಾಂಡಲ್‌ಲೈಟ್ ಊಟ ಯಾವ ರೆಸಾರ್ಟಿನಲ್ಲೂ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ಕುಂದಾಪುರದ ಪಕ್ಕದ ಕೋಟೇಶ್ವರದ ಮಾತು. ಅಲ್ಲಿನ ಕೋಟಿಲಿಂಗೇಶ್ವರನ ಜಾತ್ರೆಗೆ ಕೊಡಿ ಹಬ್ಬ ಎನ್ನುತ್ತಾರೆ. ಸೌರಮಾನದ ವೃಶ್ಚಿಕ ಮಾಸದ ಹುಣ್ಣಿಮೆಯಂದು, ಅಂದರೆ ನವೆಂಬರ್ ಎರಡನೇ ಅರ್ಧದಿಂದ ಡಿಸೆಂಬರ್ ನಡುವಿನೊಳಗೆ ಬೀಳುವ ಹುಣ್ಣಿಮೆಗೆ, ತೇರು. ಹೊಸದಾಗಿ ಮದುವೆಯಾದ ಜೋಡಿಗಳು ಆ ವರ್ಷ ಕೊಡಿ ಹಬ್ಬಕ್ಕೆ ಬಂದು ದೇವರಿಗೆ ಕೈಮುಗಿದು, ಕಬ್ಬಿನ ಕೊಡಿ, ಅಂದರೆ ಚಿಗುರು, ಕೊಂಡು ಮನೆಗೆ ಒಯ್ಯುವುದು ಆ ಸೀಮೆಯ ಪದ್ಧತಿ. ಸಂಸಾರ ಚಿಗುರಲಿ ಎಂಬ ಹಾರೈಕೆ ಅದರ ಹಿಂದಿದೆ. ನಮ್ಮಲ್ಲಿ ಹೊಸ ಜೋಡಿ ಜಾತ್ರೆಗೆ ಹೋಗಿ ತೇರಿಗೆ ಬಾಳೆಹಣ್ಣು, ದವನ ಎಸೆಯುವುದಿಲ್ಲವೇ, ಹಾಗೆಯೇ. ಘಾಟಿಯ ಬ್ರಹ್ಮರಥೋತ್ಸವಕ್ಕೆ ದವನ ಹಿಡಿದು ನಿಲ್ಲುವ ಮಗಳು-ಅಳಿಯ ಅದೇ ವರ್ಷ ಕೋಟೇಶ್ವರದಲ್ಲಿ ಕಬ್ಬಿನ ಕೊಡಿ ಹಿಡಿದು ನಿಂತರೆ ಮನೆಯ ಹಿರಿಯರಿಗೂ ಸಂತೋಷವೇ. ‘ಇಬ್ಬರೇ ಯಾಕೆ ಹೋಗೋದು?’ ಎಂದು ಕೇಳುವ ಅತ್ತೆಗೆ ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಅಲ್ಲೇ ಇದೆ: ಆ ಹಬ್ಬ ಇರುವುದೇ ಹೊಸ ಜೋಡಿಗಳಿಗೆ.

ಹುಣ್ಣಿಮೆಯ ದಿನ ಹೋಗಿ ಎನ್ನುವುದಕ್ಕೆ ಇನ್ನೊಂದು ಕಾರಣ ಉಬ್ಬರವಿಳಿತ. ಇದನ್ನು ತಿಳಿಯದೆ ಕಡಲ ದಡದ ದಿನವನ್ನು ಯೋಜಿಸಲು ಬರುವುದಿಲ್ಲ. ಆದರೂ ಹೋಟೆಲ್ ಬುಕ್ ಮಾಡುವ ಯಾರೂ ಇದನ್ನು ನೋಡುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುವಂತೆ ಉಬ್ಬರವೂ ದಿನದಿಂದ ದಿನಕ್ಕೆ ಅಷ್ಟೇ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಕೂಡುವುದರಿಂದ ಏರಿಳಿತ ದೊಡ್ಡದು. ಅಷ್ಟಮಿಯ ಆಸುಪಾಸು ಚಿಕ್ಕದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರ ನಡು ಮಧ್ಯಾಹ್ನದ ಹಿಂದುಮುಂದಿಗೆ ಬರುತ್ತದೆ. ಆರು ಗಂಟೆ ಕಳೆದರೆ ಇಳಿತ. ಹಾಗಾಗಿ ಹುಣ್ಣಿಮೆಯ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ನೀರು ಹಿಂದೆ ಸರಿದು, ದಡ ಅಗಲವಾಗಿ, ಒದ್ದೆ ಮರಳು ಕನ್ನಡಿಯಾಗಿರುತ್ತದೆ. ಪಡುವಣಕ್ಕೆ ಸೂರ್ಯ ಇಳಿಯುತ್ತಿದ್ದ ಹಾಗೆಯೇ ಹಿಂದೆ, ಕೊಡಚಾದ್ರಿಯ ಸಾಲಿನ ಕಡೆಯಿಂದ, ಚಂದ್ರ ಏಳುತ್ತಾನೆ. ಇದೆಲ್ಲ ಯಾವ ಹೊತ್ತಿಗೆ ಎಂದು ತಿಳಿಯಲು ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿದರೂ ಅಂದಾಜು ತಪ್ಪುವುದಿಲ್ಲ.

ಇದೇ ಲೆಕ್ಕದ ಇನ್ನೊಂದು ಮುಖವನ್ನು ನಮ್ಮ ಸೀಮೆಯವರು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹುಣ್ಣಿಮೆಯ ಮಧ್ಯಾಹ್ನದಿಂದ ಸಂಜೆಯವರೆಗೆ, ಅಂದರೆ ಪ್ರವಾಸಿಗರು ನೀರಿಗಿಳಿಯುವ ಹೊತ್ತಿನಲ್ಲೇ, ಅಳಿವೆಯ ಬಾಯಲ್ಲಿ ಇಳಿತದ ಸೆಳೆತ ಅತಿ ಜೋರಾಗಿರುತ್ತದೆ. ಹೊಳೆಯೊಳಗೆ ತುಂಬಿಕೊಂಡ ನೀರೆಲ್ಲ ಆ ಸಣ್ಣ ಸಂದಿನಿಂದ ಹೊರಗೆ ನುಗ್ಗುತ್ತಿರುತ್ತದೆ. ಅಳಿವೆ ನೋಡುವ ಜಾಗ, ಈಜುವ ಜಾಗವಲ್ಲ. ಅಳಿವೆಯಿಂದ ದೂರದ ದಡದಲ್ಲೂ ಒಂದು ಅಪಾಯ ಇದ್ದೇ ಇದೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಎಲ್ಲೋ ಒಂದು ಕಾಲುವೆ ಮಾಡಿಕೊಂಡು ವಾಪಸು ಹೋಗಲೇಬೇಕು. ಆ ಕಾಲುವೆಯ ಮೇಲೆ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೋಡುವುದಕ್ಕೆ ಶಾಂತವಾಗಿ ಕಾಣುತ್ತದೆ. ಈಜು ಬಾರದವರು ‘ಇಲ್ಲಿ ಅಲೆ ಇಲ್ಲ’ ಎಂದು ಇಳಿಯುವುದು ಅಲ್ಲಿಗೇ. ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಆಳದ ಭಯ ಗೊತ್ತು. ಸೆಳೆಯುವ ನೀರಿನ ಭಯ ಗೊತ್ತಿಲ್ಲ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಕಾಲುವೆಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ಬರಬೇಕು. ಈಜು ಬಾರದಿದ್ದರೆ ಮೊಣಕಾಲು ಮೀರಿ ಹೋಗಬಾರದು, ಒಬ್ಬರನ್ನು ಎಳೆದರೆ ಇನ್ನೊಬ್ಬರು ಹಿಂದೆಯೇ ಹಾರಬಾರದು. ಜೀವರಕ್ಷಕರು ಕೂಗಿ ಹೇಳಿದ ಮಾತಿಗೆ ಎದುರು ಮಾತಾಡಬಾರದು. 2024ರ ಡಿಸೆಂಬರ್ 10ರಂದು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ, ನಮ್ಮ ಹೊಸಕೋಟೆಯ ಆಚೆಗಿನ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗಳ ಪಾಲಾದರು. ಅದು ಮಳೆಗಾಲವಾಗಿರಲಿಲ್ಲ. ಆ ಮಕ್ಕಳನ್ನು ನೆನೆದರೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಹೋಗುವ ದಾರಿ ನಮಗೆ ಸುಲಭ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಸೇರಿಸುವ ಉಪನಗರ ವರ್ತುಲ ರಸ್ತೆ ಆದಮೇಲೆ ಹೊಸಕೋಟೆಯವರೂ ಬೆಂಗಳೂರಿನ ಒಳಗೆ ನುಗ್ಗಬೇಕಿಲ್ಲ. ದಾಬಸ್‌ಪೇಟೆ ಸೇರಿದರೆ ಮುಂದೆ ತುಮಕೂರು, ಅರಸೀಕೆರೆ, ಶಿವಮೊಗ್ಗ. ಅದೇ ಹಳೆಯ ಬಿ.ಎಚ್. ರಸ್ತೆ, ಬೆಂಗಳೂರಿನಿಂದ ಹೊರಟು ಹೊನ್ನಾವರದ ಕಡಲಲ್ಲಿ ಮುಗಿಯುವ ದಾರಿ. ಶಿವಮೊಗ್ಗದಿಂದ ಕುಂದಾಪುರಕ್ಕೆ ಹುಲಿಕಲ್ ಘಾಟಿ, ಹೊನ್ನಾವರಕ್ಕೆ ಸಾಗರ, ಜೋಗದ ಮೇಲೆ ಗೇರುಸೊಪ್ಪೆ ಘಾಟಿ. ನೆಲಮಂಗಲದಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು, ಉಡುಪಿ ಮೇಲೆ ಹೋಗುವುದು ಇನ್ನೊಂದು. ಯಾವುದಾದರೂ ಸುಮಾರು 400 ಕಿ.ಮೀ., ಇಡೀ ಒಂದು ಹಗಲಿನ ದಾರಿ. ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ.

ಆದರೆ ಇಬ್ಬರಿಗೆ ಕಾರಿಗಿಂತ ರೈಲು ಚೆಂದ. ಒಬ್ಬರು ಸ್ಟೇರಿಂಗ್ ಹಿಡಿದು ಇನ್ನೊಬ್ಬರು ಮ್ಯಾಪ್ ಹಿಡಿದು ಹೊರಟರೆ ಅರ್ಧ ಮಾತು ದಾರಿಯ ಬಗ್ಗೆಯೇ ಆಗುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಂದಾಪುರದ ಈ ಐದು ಹೊಳೆಗಳ ಹೆಸರನ್ನೇ ಹೊತ್ತಿದೆ. 2017ರಲ್ಲಿ ಪೂರ್ತಿಯಾದ ನೆಲಮಂಗಲ, ಕುಣಿಗಲ್, ಹಾಸನ ಮಾರ್ಗದಲ್ಲಿ ಹಾದು, ರಾತ್ರಿ ಘಟ್ಟ ಇಳಿದು, ಬೆಳಗಾಗುವ ಹೊತ್ತಿಗೆ ಕರಾವಳಿಯಲ್ಲಿರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 57 ಸುರಂಗಗಳ ಹಾದಿಯನ್ನು ಹಗಲಲ್ಲಿ ನೋಡುವ ಆಸೆಯಿದ್ದರೆ ವಾಪಸು ಬರುವಾಗ ಹಗಲು ರೈಲು ಓಡುವ ದಿನ ನೋಡಿ ಟಿಕೆಟ್ ಮಾಡಿಸಿ. ವಿಸ್ಟಾಡೋಮ್ ಬೋಗಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಈ ದಾರಿಗಳನ್ನು ನಂಬಿಕೊಂಡು ರಜೆ ಹಾಕಬೇಡಿ. 2024ರ ಜುಲೈನಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ನಿಂತಿತು. ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಪಕ್ಕದ ಚಹಾದಂಗಡಿಯನ್ನೂ ಜನರನ್ನೂ ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ದೇವನಹಳ್ಳಿಯವರಿಗೆ ವಿಮಾನ ನಿಲ್ದಾಣ ಮನೆಬಾಗಿಲಲ್ಲೇ ಇದೆ. ಮಂಗಳೂರಿಗೆ ಒಂದು ಗಂಟೆ. ಆದರೆ ಘಟ್ಟ ಇಳಿಯುವ ಸುಖ ಅದರಲ್ಲಿ ತಪ್ಪಿಹೋಗುತ್ತದೆ.

ಕುಂದಾಪುರ ಆಗದಿದ್ದರೆ ಹೊನ್ನಾವರ. ಶರಾವತಿಯ ಅಳಿವೆ, ಕೊಂಕಣ ರೈಲ್ವೆಯ ಎರಡು ಕಿ.ಮೀ. ಉದ್ದದ ಸೇತುವೆ, ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ. ಆ ದಾರಿಯಲ್ಲಿ ಇಳಿತದ ಹೊತ್ತಿಗೆ ನಡೆದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ, ಉಬ್ಬರದಲ್ಲಿ ಮರಗಳು ನೀರಲ್ಲಿ ನಿಂತಿರುತ್ತವೆ. ಪಕ್ಕದ ಕಾಸರಕೋಡಿನ ದಡಕ್ಕೆ 2020ರಲ್ಲಿ, ಉಡುಪಿಯ ಪಡುಬಿದ್ರಿಯ ಜೊತೆ, ಶುಚಿತ್ವದ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೂ ಉತ್ತರಕ್ಕೆ ಕುಮಟಾ ತಾಲ್ಲೂಕಿನ ಅಘನಾಶಿನಿ: ಎಲ್ಲೂ ಅಣೆಕಟ್ಟಿಲ್ಲದೆ ಶಿರಸಿಯಿಂದ ಕಡಲವರೆಗೆ ತನ್ನಷ್ಟಕ್ಕೆ ಹರಿಯುವ ಹೊಳೆ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಉಪ್ಪು ನೀರನ್ನು ತಾಳಿಕೊಂಡು ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನಾಗರ, ಮಿರ್ಜಾನಿನ ಕೆಂಪುಕಲ್ಲಿನ ಕೋಟೆ, ತದಡಿಯಿಂದ ಅಘನಾಶಿನಿ ಊರಿಗೆ ಜನರನ್ನೂ ಬೈಕುಗಳನ್ನೂ ದಾಟಿಸುವ ದೋಣಿ ಎಲ್ಲವೂ ಒಂದೇ ಹೊಳೆಯ ಮೇಲೆ. ಗೋಕರ್ಣದ ಓಂ ಬೀಚಿನ ಗದ್ದಲದಿಂದ ಸ್ವಲ್ಪವೇ ದೂರ.

ಉಳಿಯುವುದಕ್ಕೆ ಮನೆಯವರೇ ನಡೆಸುವ ಹೋಂಸ್ಟೇ ಮೇಲು. ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ದಡ ಎಷ್ಟು ದೂರ, ರಾತ್ರಿ ಊಟ ಮನೆಯಲ್ಲೇ ಸಿಗುತ್ತದೆಯೇ, ಯಾವ ಗುರುತಿನ ಚೀಟಿ ಬೇಕು. ಇಬ್ಬರೂ ವಯಸ್ಕರಾಗಿದ್ದರೆ, ಮದುವೆಯಾಗಿರಲಿ ಬಿಡಲಿ, ಯಾವ ಜಾತಿ ಧರ್ಮದವರೇ ಆಗಿರಲಿ, ಒಂದೇ ಕೋಣೆಯಲ್ಲಿ ಉಳಿಯಬಾರದು ಎನ್ನುವ ಕಾನೂನು ಇಲ್ಲ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಯನ್ನು ಕರಾವಳಿ ಮರೆತಿಲ್ಲ. ಅಲ್ಲಿನ ಬಹುಪಾಲು ಜನ ಅದಕ್ಕೆ ನೊಂದವರು. ಯಾರಾದರೂ ಬಂದು ನಿಮ್ಮ ಸಂಬಂಧ ಏನೆಂದು ಕೇಳುವ ಅಧಿಕಾರ ತಮಗಿದೆ ಎಂದುಕೊಂಡರೆ ವಾದಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ.

ಊಟದ ಬಗ್ಗೆ ನಮ್ಮವರಿಗೆ ಹೆದರಿಕೆ ಬೇಡ. ಮುದ್ದೆ, ಬಸ್ಸಾರಿಗೆ ಒಗ್ಗಿದ ಹೊಟ್ಟೆಗೆ ಕುಚ್ಚಲಕ್ಕಿ ಅನ್ನ ಮೊದಲ ದಿನ ಹೊಸದೆನಿಸಬಹುದು, ಎರಡನೇ ದಿನ ಹಿಡಿಸುತ್ತದೆ. ನಾಟಿಕೋಳಿ ಸಾರು ಉಂಡವರಿಗೆ ಕುಂದಾಪುರದ ಕೋಳಿ ಸಾರಿನ ಕಾಯಿಹಾಲು, ಮೆಣಸಿನ ಗಾಟು ಬೇರೆಯೇ ರುಚಿ. ಮೀನು ಬೇಕಾದರೆ ಬೆಳಿಗ್ಗೆ ದೋಣಿ ಬಂದ ಮೇಲೆ ಏನು ಸಿಕ್ಕಿದೆಯೋ ಅದನ್ನೇ ಮಾಡಿಸಿಕೊಳ್ಳಿ. ಬಂಗುಡೆ ಬಂದ ದಿನ ಅಂಜಲ್ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಒಂದು ಮಾತು ನನಗೆ ಬಹಳ ಮುಖ್ಯ. ನಾವು ಪ್ರೀತಿಗೆಂದು ಹುಡುಕಿಕೊಂಡು ಹೋಗುವ ಆ ಮರಳು ಅಲ್ಲಿನವರ ಕಣ, ಅಂಗಳ, ಕೆಲಸದ ಜಾಗ. ಬಲೆ ಹರಡಿದ ಕಡೆ ಕಾಲಿಡದೆ ಸುತ್ತಿ ಹೋಗಿ. ಒಣಮೀನಿನ ವಾಸನೆಗೆ ಮೂಗು ಮುಚ್ಚಬೇಡಿ. ಚಳಿಗಾಲದ ರಾತ್ರಿ ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ, ಟಾರ್ಚು, ಫ್ಲ್ಯಾಶು ಬೇಡ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಅಂಕೋಲಾದ ಕೇಣಿಯಲ್ಲಿ ಮೀನುಗಾರರು ತಮ್ಮ ದಡಕ್ಕೆ ಬರುವ ಬಂದರು ಯೋಜನೆಗಳ ವಿರುದ್ಧ ಹೋರಾಡುತ್ತಾ ಬಂದಿದ್ದಾರೆ. ವಿಮಾನ ನಿಲ್ದಾಣಕ್ಕೂ ಕೈಗಾರಿಕಾ ಪ್ರದೇಶಕ್ಕೂ ಜಮೀನು ಹೋದದ್ದನ್ನು ಕಂಡ ದೇವನಹಳ್ಳಿಯವರಿಗೆ, ಚನ್ನರಾಯಪಟ್ಟಣದ ರೈತರ ಧರಣಿಯನ್ನು ನೋಡಿದವರಿಗೆ, ಆ ಮಾತು ಬೇಗ ಅರ್ಥವಾಗುತ್ತದೆ. ಸಂಜೆ ಜಗಲಿಯಲ್ಲಿ ಕೂತು ಮನೆಯವರೊಂದಿಗೆ ಅದನ್ನೂ ಮಾತಾಡಿ.

ಟಿಕೆಟ್ ವಿಷಯ ಹೇಳಿ ಮುಗಿಸುತ್ತೇನೆ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಕೊಡಿ ಹಬ್ಬದ ಹುಣ್ಣಿಮೆ ಯಾವ ದಿನವೆಂದು ಪಂಚಾಂಗದಲ್ಲಿ ನೋಡಿ, ಅದಕ್ಕೆ ಎರಡು ದಿನ ಮುಂಚಿನ ಪಂಚಗಂಗಾಕ್ಕೆ, 60 ದಿನ ಹಿಂದಕ್ಕೆ ಎಣಿಸಿ, ಬುಕಿಂಗ್ ತೆರೆದ ಬೆಳಿಗ್ಗೆಯೇ ಟಿಕೆಟ್ ಮಾಡಿಸಿ. ಆ ವಾರ ಕುಂದಾಪುರ, ಕೋಟೇಶ್ವರದಲ್ಲಿ ಕೋಣೆ ಸಿಗುವುದು ಕಷ್ಟ. ತ್ರಾಸಿ, ಬೈಂದೂರಿನ ಕಡೆಯೂ ವಿಚಾರಿಸಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬಿಟ್ಟುಬಿಡಿ. ಆಗ ಬೆಂಗಳೂರೇ ಅಲ್ಲಿಗೆ ಬಂದಿರುತ್ತದೆ.